ಅಂಟಿಕೊಂಡಿದ್ದ ರಬ್ಬರ್ ರಿಂಗು

ಇವತ್ತು ಮನೆಯ ಮುಂದೆ ಕಾರಿನ ಆಯಿಲ್ ಇಳಿಸುವಾಗ, ಅದರ ಕರಕಲು ವಾಸನೆಗೆ ಚಿತ್ತವಾಡ್ಗಿಯ ನಮ್ಮ ಅಂಗಳ ನೆನಪಾಯಿತು. ಹಂಪಿಗೆ ಪ್ರವಾಸಿಗರನ್ನು ಕರೆದೊಯ್ಯುವ ಅಪ್ಪನ ಟ್ಯಾಕ್ಸಿಯೊಂದೇ ಆಗ ನಮಗೆ ಅನ್ನ. ಅಪ್ಪ ಗೋಣಿಚೀಲ ಹಾಸಿ, ಕಾರಿನಡಿ ಮಲಗಿ, ತಾನೇ ಆಯಿಲ್ ಬದಲಿಸುತ್ತಿದ್ದ.

“ಗ್ಯಾರೇಜಿನ ಮೇಸ್ತ್ರಿಗೆ ಕೊಡಬಾರ್ದೇನ್ರಿ?” ಎಂದಳು ಅವ್ವ ಒಂದು ಸಲ.

“ಅವಂಗ ಕಲಿಸ್ದವನ ನಾನು. ಸುಮ್ನಿರು.”

ಅವತ್ತು ಹಳೆಯ ಆಯಿಲ್ ಫಿಲ್ಟರಿನ ರಬ್ಬರ್ ರಿಂಗು ಎಂಜಿನ್ನಿಗೇ ಅಂಟಿಕೊಂಡಿದ್ದನ್ನು ಅವನು ನೋಡಲಿಲ್ಲ. ಅದರ ಮೇಲೆಯೇ ಹೊಸ ಫಿಲ್ಟರ್ ತಿರುಗಿಸಿದ; ರಿಂಗಿನ ಮೇಲೆ ರಿಂಗು ಕೂತು ಅದು ಬಿಗಿಯಾಗಲಿಲ್ಲ. ಮರುದಿನ ಕಮಲಾಪುರದ ದಾರಿಯಲ್ಲಿ ಆಯಿಲೆಲ್ಲ ಸೋರಿ ಎಂಜಿನ್ ಕಾದು, ಕಚ್ಚಿಕೊಂಡು ಸೀಜ್ ಆಯಿತು. ಕಾರು ಗುಜರಿಗೆ ಹೋಯಿತು. ಅಪ್ಪ ಸಂಡೂರಿನ ಗಣಿಯೊಂದರಲ್ಲಿ ವಾಚ್‌ಮನ್ ಆದ. ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ.

ಇವತ್ತು ನಾನು ಹಳೆಯ ರಿಂಗು ಉಳಿದಿಲ್ಲವೆಂದು ಎರಡೆರಡು ಸಲ ಬೆರಳಾಡಿಸಿ ನೋಡಿಯೇ ಹೊಸ ಫಿಲ್ಟರ್ ಹಾಕಿದೆ. ಕಂಪ್ಲಿಯ ಮದುವೆಗೆ ಹೊರಡೋಣ ಬಾ ಎಂದು ಅಪ್ಪನನ್ನು ಕರೆದೆ.

“ನೀ ಮುಂದ ನಡಿಯವ್ವ,” ಎಂದ, ಕಾರಿನತ್ತ ನೋಡದೆ. “ನಾ ಬಸ್ಸಿಗೆ ಬರ್ತೀನಿ.”