ಬೇವಿನ ಮರದವರೆಗೆ ಇಬ್ಬರು

ನಿಲಂಗಾ ಬಸ್‌ಸ್ಟ್ಯಾಂಡಿನಲ್ಲಿ ಉದಗೀರದ ಬಸ್ಸನ್ನು ತಿರುಗಿಸುವಾಗ ಹಾರ್ನ್ ಒಂದೇ ಸಮ ಬಡಿದುಕೊಳ್ಳತೊಡಗಿತು. ಡ್ರೈವರ್ ಗುರುನಾಥನ ಎರಡೂ ಕೈ ಸ್ಟಿಯರಿಂಗಿನ ಅಂಚಿನಲ್ಲೇ ಇದ್ದವು. ಹಾರ್ನ್ ಒತ್ತಿದ್ದು ಅವನ ಹೊಟ್ಟೆ. ಪೂರ್ತಿ ತಿರುಗಿಸಲು ಮುಂದೆ ಬಾಗಿದರೆ ಹೊಟ್ಟೆ ಒತ್ತುತ್ತದೆ, ಬಾಗದಿದ್ದರೆ ಬಸ್ಸು ತಿರುಗುವುದಿಲ್ಲ. ಹೀಗಾಗಿ ಬಸ್ಸು ಕಿರುಚುತ್ತಲೇ ಸುತ್ತು ಹಾಕಿತು. ಕೋರ್ಟಿಗೆ ಬಂದಿದ್ದ ಕಕ್ಷಿದಾರರು ಚಹಾ ಕೆಳಗಿಟ್ಟು ನೋಡಿದರು. ಹೊಟ್ಟೆಪಾಡಿಗೆ ದುಡಿಯುವವರನ್ನು ಅವರು ಬೇಕಾದಷ್ಟು ಕಂಡಿದ್ದರು. ಹೊಟ್ಟೆಯೇ ಪಾಡಿದ್ದನ್ನು ಕಂಡದ್ದು ಅಂದೇ.

"ಮಾಮಾ, ಹಾರ್ನ್ ಮ್ಯಾಲಿನ ಕೈ ತಗೀರಿ!" ಕಂಡಕ್ಟರ್ ವೈಜನಾಥ ಹಿಂದಿನ ಬಾಗಿಲಿನಿಂದ ಕೂಗಿದ.

"ಅದು ಕೈ ಅಲ್ಲಲೇ," ಅಂದ ಗುರುನಾಥ.

ಸುದ್ದಿ ಬಸ್ಸಿಗಿಂತ ಮುಂಚೆ ಉಮರ್ಗಾ ಡಿಪೋ ತಲುಪಿತ್ತು. "ದಿವಾಳಿಪರ್ಯಂತ ಪೋಟ್ ಕಮೀ ಕರಾ," ಅಂದರು ಡಿಪೋ ಸಾಹೇಬರು. ದೀಪಾವಳಿಯೊಳಗೆ ಹೊಟ್ಟೆ ಇಳಿಯಬೇಕು. ಇಲ್ಲವಾದರೆ ಸ್ಟಿಯರಿಂಗ್ ಬಿಟ್ಟು ವರ್ಕ್‌ಶಾಪಿನಲ್ಲಿ ಗಾಲಿ ತೊಳೆಯಬೇಕು.

ಗಾಲಿ ತೊಳೆಯುವುದರಲ್ಲಿ ಅವಮಾನವೇನಿಲ್ಲ. ಗುರುನಾಥನ ಸಂಕಟ ಬೇರೆ. ಅವನು ಕುರಿಕಾರರ ಮನೆಯವನು, ಬೀರಪ್ಪನ ಒಕ್ಕಲು. ಹುಡುಗನಾಗಿದ್ದಾಗ ಹಿಂಡಿನ ಮುಂದೆ ಅವನು ನಡೆಯುತ್ತಿದ್ದ, ಹಿಂದೆ ಅಣ್ಣ ಅಮೃತಪ್ಪ. ಊರನ್ನೇ ಕೆಡವಿದ ಭೂಕಂಪದ ರಾತ್ರಿ ಹೊಲದಲ್ಲಿ ಕುರಿ ಕಾಯುವ ಪಾಳಿ ತಮ್ಮನದು. ಅಣ್ಣ ಮನೆಯಲ್ಲಿ ಮಲಗಿದ್ದ. ಬೆಳಗಾಗುವುದರೊಳಗೆ ಮನೆಯೂ ಇರಲಿಲ್ಲ, ಅಣ್ಣನೂ ಇರಲಿಲ್ಲ. ಅಂದಿನಿಂದ ಎಲ್ಲಿಗೆ ಹೊರಟರೂ ಗುರುನಾಥನಿಗೆ ಬೆನ್ನು ಬರಿದಾದಂತೆ ಅನ್ನಿಸುತ್ತಿತ್ತು. ಡ್ರೈವರಾಗಿ ಬಸ್ಸು ಹತ್ತಿದ ಮೇಲಷ್ಟೇ ಅವನ ಬೆನ್ನ ಹಿಂದೆ ಮತ್ತೆ ಕೆಮ್ಮು, ಜಗಳ, ಕೂಸುಗಳ ಅಳು ಕೇಳತೊಡಗಿದ್ದು. ಆ ಸೀಟು ಹೋದರೆ ಆ ಸದ್ದೂ ಹೋಗುತ್ತದೆ.

"ಇಂಟರ್ವಲ್ ಮಾಡ್ರಿ ಮಾಮಾ," ವೈಜನಾಥ ಮೊಬೈಲ್ ತೋರಿಸಿದ.

"ಸಿನೆಮಾದಾಗಿನ ಇಂಟರ್ವಲ್ಲಿನಾಗ ಭಜಿ ತಿಂದೇ ಹಿಂಗಾಗೀನಿ."

"ಅದಲ್ರೀ. ಜೀವ ಬಿಟ್ಟು ಓಡೋದು, ದಮ್ಮು ಹತ್ತಿದ್ರ ಸಾವಕಾಶ ನಡಿಯೋದು, ಮತ್ತ ಓಡೋದು. ಚರಬಿ ಎಣ್ಣಿ ಆಗಿ ಇಳೀತದ."

ಹೆಂಡತಿ ಸೀಮಾ ರೊಟ್ಟಿ ಬಡಿಯುತ್ತಲೇ ಅಂದಳು: "ಜೀವ ಯಾಕ್ ಬಿಡಬೇಕ್ರೀ? ಸುಮ್ಮ ಒಂದೇ ಸಮ ನಡೀರಿ. ನಿಮ್ಮ ಅಣ್ಣಾರು ಜನ್ಮೆಲ್ಲಾ ನಡದ್ರಂತ. ಹೊಟ್ಟಿ ಇತ್ತೇನು ಅವರಿಗಿ?"

ಉಮರ್ಗಾದ ಡಾಕ್ಟರು ಇಬ್ಬರ ಪಕ್ಷವನ್ನೂ ಹಿಡಿಯಲಿಲ್ಲ. ಓಡಿ ನಿಂತು ಓಡಿದರೆ ಕಡಿಮೆ ಹೊತ್ತು ಸಾಕು, ಒಂದೇ ಸಮ ನಡೆದರೆ ಹೆಚ್ಚು ಹೊತ್ತು ಬೇಕು. ಕೊಬ್ಬು ಇಳಿಯುವುದು ಮಾತ್ರ ಹೆಚ್ಚುಕಡಿಮೆ ಅಷ್ಟಕ್ಕಷ್ಟೇ ಅಂದರು. ಹೊತ್ತು ಕಡಿಮೆ ಎಂಬ ಮಾತು ಗುರುನಾಥನಿಗೆ ಹಿಡಿಸಿತು. ಓಡುವುದೆಂದು ನಿರ್ಧರಿಸಿದ.

ಆದರೆ ಎಲ್ಲಿ ಓಡುವುದು? ಭೂಕಂಪದ ಮೇಲೆ ಕಟ್ಟಿಕೊಟ್ಟ ಹೊಸ ಊರಿನಲ್ಲಿ ನಸುಕಿನಲ್ಲಿ ಯಾರೂ ಓಡುವುದಿಲ್ಲ. ಒಬ್ಬ ಓಡಿದರೆ ಸಾಕು, ಭೂಮಿ ಮತ್ತೆ ನಡುಗಿತೆಂದು ಓಣಿಗೆ ಓಣಿಯೇ ಕೂಸುಗಳನ್ನು ಎತ್ತಿಕೊಂಡು ಅಂಗಳಕ್ಕೆ ಬರುತ್ತದೆ. ಉಳಿದಿದ್ದು ಹಳೇ ಊರು. ಅಲ್ಲಿ ಮನೆಗಳಿಲ್ಲ, ಓಣಿಗೆ ಹಾಸಿದ್ದ ಕಲ್ಲುಗಳನ್ನೂ ಜನ ಎಂದೋ ಹೊತ್ತೊಯ್ದಿದ್ದರು. ಈಗ ಜಾಲಿ ಕಂಟಿ, ಮೆತ್ತಗಿನ ಕರಿಮಣ್ಣು, ತುದಿಯಲ್ಲೊಂದು ಬೇವಿನ ಮರ. ನಾಷ್ಟಾದ ಬುತ್ತಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಓಟ ಮುಗಿಸಿ ಅಲ್ಲಿಂದಲೇ ಡ್ಯೂಟಿಗೆ ಹೋಗುವುದೆಂದು ಲೆಕ್ಕ ಹಾಕಿದ.

ಮೊದಲ ಮುಂಜಾನೆ ಓಡಿದ, ದಮ್ಮು ಕಟ್ಟಿತು, ನಡೆದ. ನಡೆಯುವಾಗ ಹಿಂದೆ ಸದ್ದು ಕೇಳಿತು. ಠಕ್, ಠಕ್. ನಾಲು ಬಡಿದ ಚಪ್ಪಲಿ ಕಲ್ಲಿನ ಮೇಲೆ ಮಾಡುವ ಸದ್ದು. ಡ್ರೈವರನ ಕೈ ಅಭ್ಯಾಸದಿಂದ ಕನ್ನಡಿಗಾಗಿ ಗಾಳಿಯಲ್ಲಿ ತಡಕಾಡಿತು. ಕನ್ನಡಿ ಇರಲಿಲ್ಲ. ಅವನು ಮತ್ತೆ ಓಡಿದ, ಸದ್ದು ಹಿಂದುಳಿಯಿತು. ನಿಂತ; ಸದ್ದು ಹತ್ತಿರವಾಯಿತು. ಅದು ಅವಸರ ಮಾಡಲಿಲ್ಲ, ತಡವನ್ನೂ ಮಾಡಲಿಲ್ಲ. ಅವನು ಬೇವಿನ ಮರ ಮುಟ್ಟಿ ಏದುಸಿರು ಬಿಡುವಾಗ ಕೊನೆಯ ಠಕ್ ಅವನ ಹಿಮ್ಮಡಿಯ ಹತ್ತಿರವೇ ಬಿತ್ತು. ಇಬ್ಬರೂ ಒಟ್ಟಿಗೇ ಮುಟ್ಟಿದ್ದರು.

ಹೊರಳಿ ನೋಡಲಿಲ್ಲ. ಕೆಳಗೆ ನೋಡಿದ: ಕರಿಮಣ್ಣು. ಆ ಮಣ್ಣಿನಲ್ಲಿ ಬಂಡೆ ಬಿದ್ದರೂ ಠಕ್ ಅನ್ನುವುದಿಲ್ಲ.

ಮರುದಿನವೂ ಹಾಗೇ. ಅದರ ಮರುದಿನವೂ. ಅವನು ಎಷ್ಟು ಜೋರಾಗಿ ಓಡಲಿ, ಅದು ತನ್ನ ಒಂದೇ ನಡಿಗೆಯಲ್ಲಿ ಬಂದು ಮರದ ಹತ್ತಿರ ಅವನನ್ನು ಕೂಡಿಕೊಳ್ಳುತ್ತಿತ್ತು. ಗಾಳಿ ಇಲ್ಲದಿದ್ದರೂ ಹಸಿ ಕಂಬಳಿಯ ವಾಸನೆ ಬರುತ್ತಿತ್ತು. ಬಿಟ್ಟುಬಿಡೋಣವೆಂದರೆ ದೀಪಾವಳಿ ಎದುರಿಗೆ ನಿಂತಿತ್ತು.

ಒಂದು ಮುಂಜಾನೆ ಬೇವಿನ ಮರ ಇನ್ನೂ ನಾಲ್ಕು ಮಾರು ದೂರವಿರುವಾಗ ದಮ್ಮು ಕಟ್ಟಿ, ಮಂಡಿ ಹಿಡಿದು ಬಾಗಿದಾಗ ಅವನ ಬಾಯಿಂದ ತಾನಾಗಿಯೇ ಹೊರಟಿತು: "ಟುರ್ರ್... ಟುರ್ರ್." ಕುರಿ ನಿಲ್ಲಿಸುವ ಕೂಗು. ಬೇರೆ ಯಾರೇ ಆಗಿದ್ದರೂ ದೇವರ ಹೆಸರು ಕೂಗುತ್ತಿದ್ದರು.

ಸದ್ದು ನಿಂತಿತು.

ಗುರುನಾಥನಿಗೆ ತಾನು ಮಾಡಿದ ತಪ್ಪು ಆಗ ಹೊಳೆಯಿತು. ಅವರ ಮನೆತನದಲ್ಲಿ ಮುಂದಿನವನು ಹಿಂಡು ನಿಲ್ಲಿಸಿದನೆಂದರೆ ಬುತ್ತಿ ಬಿಚ್ಚುವ ಹೊತ್ತಾಯಿತೆಂದು ಅರ್ಥ. ಮೊದಲು ಉಣ್ಣುವವನು ಹಿಂದಿನವನು. ಹಿಂದಿನವನು ಉಂಡದ್ದು ಖಾತ್ರಿಯಾಗುವ ತನಕ ಮುಂದಿನವನು ದಾರಿಯಲ್ಲಿ ತುತ್ತು ಮುಟ್ಟುವಂತಿಲ್ಲ. ಕರೆದು ಉಣಿಸದಿದ್ದರೆ ಹಿಂದಿನವನು ಬೆನ್ನು ಬಿಡುವುದಿಲ್ಲ.

ಸೊಂಟದ ಬುತ್ತಿ ಬಿಚ್ಚಿದ. ಜೋಳದ ರೊಟ್ಟಿ, ಶೇಂಗಾ ಹಿಂಡಿ. ಬೇವಿನ ಬುಡದ ಕಲ್ಲಿನ ಮೇಲೆ ಬಟ್ಟೆ ಹರಡಿ ಇಟ್ಟ.

"ಉಣ್ಣಪಾ," ಅಂದ. ಯಾರ ಹೆಸರನ್ನೂ ಹೇಳಲಿಲ್ಲ.

ಅಂದು ನಿಲಂಗಾದಲ್ಲಿ ವೈಜನಾಥ ಬಿಸಿ ಭಜಿಯ ಪೊಟ್ಟಣ ಚಾಚಿದಾಗ ಗುರುನಾಥ ಕೈ ಹಿಂದಕ್ಕೆಳೆದುಕೊಂಡ. ಉದಗೀರದಲ್ಲೂ ಮುಟ್ಟಲಿಲ್ಲ. ಅತ್ತ ಉಂಡಿದ್ದು ಇನ್ನೂ ಖಾತ್ರಿಯಾಗಿರಲಿಲ್ಲವಲ್ಲ.

ಮರುದಿನ ಕಲ್ಲಿನ ಮೇಲೆ ರೊಟ್ಟಿ ಇರಲಿಲ್ಲ. ಬಟ್ಟೆ ಇತ್ತು, ನಾಲ್ಕು ಮೂಲೆ ಒಳಗೆ ಮಡಚಿ, ಮೇಲೊಂದು ಸಣ್ಣ ಕಲ್ಲು ಹೇರಿ. ನಾಯಿಗಳು ರೊಟ್ಟಿ ತಿನ್ನುತ್ತವೆ, ಬಟ್ಟೆ ಮಡಚುವುದಿಲ್ಲ. ಗುರುನಾಥ ಆ ಬಟ್ಟೆಯನ್ನು ಕಿಸೆಗೆ ಹಾಕಿಕೊಂಡ. ಆಮೇಲೆ ಸೊಂಟದ ಹೊಸ ಬುತ್ತಿ ಬಿಚ್ಚಿ ಅಲ್ಲೇ ಇಟ್ಟ. ಅಂದಿನಿಂದ ಅವನ ಓಟ ಕಡಿಮೆಯಾಗುತ್ತ ಬಂತು. ಒಂದೊಂದು ದಿನ ಓಡುತ್ತಿದ್ದ, ಒಂದೊಂದು ದಿನ ಹಿಂದಿನ ಸದ್ದಿನ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತಿದ್ದ. ಬೆನ್ನು ಬರಿದಾಗಿರಲಿಲ್ಲ.

ದೀಪಾವಳಿಯ ಹಿಂದಿನ ದಿನ ಡಿಪೋ ಅಂಗಳದಲ್ಲಿ ಪರೀಕ್ಷೆ ನಡೆಯಿತು. ಗಂಡನ ಸೀಟು ಉಳಿಯುತ್ತದೋ ಇಲ್ಲವೋ ನೋಡಲು ಸೀಮಾಳೂ ಬಂದು ಗೇಟಿನ ಹತ್ತಿರ ನಿಂತಿದ್ದಳು. ಗುರುನಾಥ ಸ್ಟಿಯರಿಂಗನ್ನು ಆ ತುದಿಗೆ ತಿರುಗಿಸಿದ, ಈ ತುದಿಗೆ ತಿರುಗಿಸಿದ. ಹಾರ್ನ್ ತುಟಿ ಬಿಚ್ಚಲಿಲ್ಲ. ಹೊಟ್ಟೆಗೂ ಅದಕ್ಕೂ ನಡುವೆ ಒಂದು ಅಂಗೈ ತೂರುವಷ್ಟು ಜಾಗವಿತ್ತು. "ಬರಂ," ಸರಿ ಅಂದ ಸಾಹೇಬರು ಅಷ್ಟಕ್ಕೇ ಒಳಗೆ ಹೋದರು. ಸೀಟು ಉಳಿಯಿತು.

"ನಾ ಹೇಳಿದ್ದಿಲ್ಲೇನ್ ಮಾಮಿ? ಇಂಟರ್ವಲ್!" ವೈಜನಾಥ ಕುಣಿದ.

"ಸುಳ್ಳ ಯಾಕ್ ಹೇಳ್ತೀಪಾ? ನಡದು ನಡದು ಇಳಿದದ," ಅಂದಳು ಸೀಮಾ. "ರೀ, ನೀವೇ ಹೇಳ್ರಿ. ಖರೆ ಹೇಳಬೇಕು ಮತ್ತ. ಓಡಿದ್ದಕ್ಕ ಇಳೀತೋ, ನಡದದ್ದಕ್ಕ ಇಳೀತೋ?"

ಗುರುನಾಥ ಕನ್ನಡಿಯಲ್ಲಿ ಖಾಲಿ ಬಸ್ಸಿನ ಹಿಂದಿನ ಸೀಟನ್ನೊಮ್ಮೆ ನೋಡಿದ.

"ಎರಡೂ ಅಲ್ಲ. ನೀ ಕಟ್ಟಿದ ನಾಷ್ಟಾ ದಿನಾ ಅಣ್ಣ ತಿಂತಿದ್ದ."