ಬಾವಿಗೆ ಕೂಗಿ ಕೇಳುವ ರೇವಣಪ್ಪ

ಬೆಳಗಿನ ಐದೂವರೆ. ಜೇವರ್ಗಿಯ ಹಳೆಯ ಓಣಿಯೊಂದರಲ್ಲಿ ಬಾವಿಕಟ್ಟೆಗೆ ಎದೆಯಾನಿಸಿ ರೇವಣಪ್ಪ ಕೆಳಗಿನ ಕತ್ತಲಿಗೆ ಕೂಗುತ್ತಿದ್ದಾರೆ: "ಒಳಗ ಯಾರರೆ ಇದ್ದೀರೇನ್ರಿ?"

ಸುತ್ತ ನಿಂತವರು ಯಾರೂ ನಗುವುದಿಲ್ಲ. ದನಿ ಕಲ್ಲಿಗೆ ಬಡಿದು, ತುಸು ತಡವಾಗಿ, ಬೇರೆ ಯಾರದೋ ಎಂಬಂತೆ ಮರಳುತ್ತದೆ. ಮೂರು ಸಲ ಕೂಗಿ ಮೂರು ಸಲ ಕಾಯುತ್ತಾರೆ. ಆಮೇಲೆ ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಯುತ್ತದೆ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಎಂದು ಅರ್ಥ. ಇಂದು ಆರಲಿಲ್ಲ. ಐವತ್ತೆರಡರ ಈ ಸಣಕಲು ಮನುಷ್ಯ ಸೊಂಟಕ್ಕೆ ಹಗ್ಗ ಬಿಗಿದು, ಕಲ್ಲಿನ ಸಂದಿಗೆ ಕಾಲಿಡುತ್ತಾ ಕಣ್ಮರೆಯಾಗುತ್ತಾರೆ.

ಬಾವಿಗೆ ಬಿದ್ದದ್ದನ್ನು ಮೇಲೆ ತರುವುದು ಅವರ ಕಸುಬು. ಕೊಡಕ್ಕೆ ಐದು ರೂಪಾಯಿ, ಹೂಳು ಎತ್ತಿದರೆ ದಿನಕ್ಕೆ ಇಪ್ಪತ್ತು. ಬೇಸಿಗೆಯಲ್ಲಿ ತಿಂಗಳಿಗೆ ಇನ್ನೂರು ದಾಟುತ್ತದೆ, ಮಳೆಗಾಲದಲ್ಲಿ ಏನೂ ಇಲ್ಲ. ಆಗ ಹೆಂಡತಿ ಬಾಳಮ್ಮನ ಕೂಲಿಯೇ ಗತಿ. ಹೆಣ ತೆಗೆದರೆ ಮಾತ್ರ ರೇವಣಪ್ಪ ದುಡ್ಡು ಮುಟ್ಟುವುದಿಲ್ಲ. "ಸತ್ತವರ ಕಡಿಂದ ಏನ್ ಪಗಾರ ತಗೋಬೇಕ್ರಿ?"

ಕೂಗಿ ಕೇಳುವ ರೂಢಿ ಬಂದದ್ದು ಹತ್ತು ವರ್ಷದ ಹಿಂದೆ, ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ. "ಊರ ಹೆಸರು ಬರೀಬ್ಯಾಡ್ರಿ" ಎಂದು ಕೇಳಿಕೊಂಡೇ ಕತೆ ಶುರುಮಾಡುತ್ತಾರೆ. ಆ ಊರಿನವರು ಒಂದು ತಾಮ್ರದ ಕೊಡ ತೆಗೆಯಲು ಕರೆದಿದ್ದರು. ಆಗಿನ ದರ ಎರಡು ರೂಪಾಯಿ. ಅವರು ಹತ್ತು ಕೊಡುತ್ತೇವೆಂದರು. ಯಾಕೆಂದು ಹೇಳಲಿಲ್ಲ. ನೀರು ಸೇದಲು ಹೋದವನೊಬ್ಬ ಒಳಗಿನಿಂದ ನರಳುವ ದನಿ ಕೇಳಿ, ಹಗ್ಗ ಕೊಡ ಎರಡನ್ನೂ ಬಿಟ್ಟು ಓಡಿದ್ದ. ಅದಕ್ಕೂ ಮೂರು ವರ್ಷ ಮೊದಲು ಅದೇ ಬಾವಿಯಲ್ಲಿ ಹೆಂಗಸೊಬ್ಬಳು ಸತ್ತಿದ್ದಳು. ಅವಳೇ ಬಂದಿದ್ದಾಳೆಂದು ಎರಡು ದಿನ ಊರು ಆ ಕಡೆ ಹಾಯಲಿಲ್ಲ.

ಏನೂ ತಿಳಿಯದ ರೇವಣಪ್ಪ ಎದೆಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ಕೊಡ ಹುಡುಕುತ್ತಿದ್ದರು.

"ತಲಿ ಮ್ಯಾಗ ಒಂದು ತಣ್ಣನ ಕೈ ಬಂತ್ರಿ. ಬೆರಳು ಕೂದಲದಾಗ ಆಡಿದ್ವು. ನಾ ಚೀರಿದೆ. ಮ್ಯಾಲಿನವರು ಹಗ್ಗ ಬಿಟ್ಟು ಓಡಿದ್ರು. ಅಷ್ಟೂ ಹಗ್ಗ ನನ್ನ ಮೈಮ್ಯಾಲೇ ಬಿತ್ತು."

ಕಲ್ಲು ಕಳಚಿದ ಪೊಟರೆಯಲ್ಲಿ ಯಾರೋ ಮುದುಡಿ ಕುಳಿತಿದ್ದರು. ಮುಖ ಕಾಣುತ್ತಿರಲಿಲ್ಲ. ಗೋಡೆಗೆ ಬೆನ್ನು ಒತ್ತಿ ನಿಂತ ರೇವಣಪ್ಪನ ಕಿವಿಗೆ ಪಿಸುದನಿ ಬಿತ್ತು: "ಅಣ್ಣಾ, ರೊಟ್ಟಿ ಅದೇನೋ?"

"ದೆವ್ವಕ್ಕ ಹಸಿವು ಎಲ್ಲಿ ಆಗ್ತದ್ರಿ? ಆವಾಗ ಧೈರ್ಯ ಬಂತು."

ಅವಳು ಸುಂದರಬಾಯಿ, ಆ ಊರಿನದೇ ಒಂದು ಮನೆಯ ಸೊಸೆ. ಮೂರು ದಿನದ ಹಿಂದೆ ಸಂಜೆ ನೀರಿಗೆ ಬಂದು ಜಾರಿ ಬಿದ್ದಿದ್ದಳು. ಜಗಳವಾಡಿ ತವರಿಗೆ ಹೋಗಿದ್ದಾಳೆಂದು ಗಂಡನ ಮನೆಯವರು ಸುಮ್ಮನಿದ್ದರು. ಈಗ ಇಬ್ಬರೂ ಸೇರಿ ಕೂಗಿದರು. ಮೇಲಿನವರಿಗೆ ಎರಡು ದನಿ ಕೇಳಿ, ದೆವ್ವ ರೇವಣಪ್ಪನನ್ನೂ ನುಂಗಿತೆಂದು ಬಾಗಿಲು ಹಾಕಿಕೊಂಡರು. ಹೊತ್ತು ನೆತ್ತಿಗೆ ಬಂದಾಗ ಪೀರಬಿ ಎಂಬ ಮುದುಕಿ ಒಬ್ಬಳೇ ಬಂದು ಬಗ್ಗಿದಳು: "ಒಳಗ ಯಾರಿದ್ದೀರಪ್ಪಾ? ಜೀವ ಅದೇನು?"

"ಇಡೀ ಊರಾಗ ಆಕಿ ಒಬ್ಬಾಕಿನೇ ಕೇಳಿದ್ದು ನೋಡ್ರಿ" ಎನ್ನುವಾಗ ರೇವಣಪ್ಪನ ದನಿ ತಗ್ಗುತ್ತದೆ. ಪೀರಬಿ ಬೈದು ಬೈದು ಗಂಡಸರನ್ನು ಎಳೆತಂದಳು. ಸುಂದರಬಾಯಿ ಮೊದಲು ಮೇಲೆ ಬಂದಳು, ರೇವಣಪ್ಪ ಆಮೇಲೆ. ಕೊಡ ತಳದಲ್ಲೇ ಉಳಿದದ್ದರಿಂದ ಹತ್ತು ರೂಪಾಯಿ ಸಿಗಲಿಲ್ಲ.

ಬದುಕಿ ಬಂದವಳ ಕೈಯಿಂದ ನೀರು ಕುಡಿಯಲು ಗಂಡನ ಮನೆ ಹೆದರಿತು. ಅವಳು ನಿಂಬರ್ಗಾದ ತವರಿಗೆ ಹೋದಳು. ಈಗ ತೊಗರಿ ಹೊಲದಲ್ಲಿ ಕಳೆ ಕೀಳುತ್ತಾಳೆ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ "ಅಣ್ಣಾ" ಅಂದರಂತೆ. "ಮುಖ ಗುರ್ತು ಹತ್ತಲಿಲ್ರಿ, ದನಿ ಗುರ್ತು ಹತ್ತಿತು." ಇಬ್ಬರೂ ಚಹಾ ಕುಡಿದರು.

ಈಗ ಊರೂರಿಗೆ ಬೋರ್‌ವೆಲ್ ಬರುತ್ತಿವೆ. ಹಳೆಯ ಬಾವಿಗಳಿಗೆ ಕಲ್ಲು, ಮಣ್ಣು ಸುರಿದು ಮುಚ್ಚುತ್ತಿದ್ದಾರೆ. ಕೆಲಸ ಹೋಗುವ ಚಿಂತೆ ಇಲ್ಲವೇ ಎಂದರೆ ರೇವಣಪ್ಪ ತಲೆಯಾಡಿಸುತ್ತಾರೆ.

"ಹೋಗ್ಲಿ ಬಿಡ್ರಿ. ಖರೇ, ಮಣ್ಣು ಹಾಕೂದಕ್ಕಿಂತ ಮೊದಲ ನನಗೊಂದು ಮಾತು ಹೇಳಿ ಕಳಸ್ರಿ ಅಂತ ಬರೀರಿ. ಒಮ್ಮೆ ಇಳಿದು ನೋಡಿ ಬರ್ತೇನಿ. ರೊಕ್ಕ ಬ್ಯಾಡ."