ಹುಳ ಮುಟ್ಟದ ಮರ

1996ರಲ್ಲಿ ನಾನು ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿದ್ದ ಮರಗೆಲಸದ ಅಂಗಡಿಯಲ್ಲಿ ಬಡಗಿಯಾಗಿದ್ದೆ. ಆಗ ನನಗೆ ಹದಿನೇಳು, ಈಗ ಹತ್ತೊಂಬತ್ತು. ಎರಡು ವರ್ಷಗಳ ಇಷ್ಟು ಸುದೀರ್ಘ ಸೇವೆಯಲ್ಲಿ ಮರೆಯಲಾಗದ ಕೆಲಸ ಇದೊಂದೇ.

ನೀಲಗಿರಿ ಕಡೆಯಿಂದ ನಮಗೆ ಸೈಪ್ರೆಸ್ ಮರ ಬರುತ್ತಿತ್ತು. ತಿಳಿಹಳದಿ ಬಣ್ಣ, ನೇರ ಎಳೆ, ತೇಗಕ್ಕಿಂತ ಹಗುರ. ಉಳಿ ಇಟ್ಟರೆ ಬೆಣ್ಣೆ. ಗಂಟು ಸಿಕ್ಕರೆ ಮಾತ್ರ ಉಳಿಯೇ ಅಳುತ್ತದೆ. ಒಳಗಿನ ಎಣ್ಣೆಯ ಘಾಟಿಗೆ ಗೆದ್ದಲು, ನುಸಿ ಹತ್ತಿರ ಸುಳಿಯುವುದು ಕಡಿಮೆ. ನಾನು ಕೀಸುಳಿ ಹಿಡಿದ ದಿನ ಊರಿನ ಸೊಳ್ಳೆಗಳೆಲ್ಲ ಗಂಟುಮೂಟೆ ಕಟ್ಟಿ ಕೇರಳದ ಬಸ್ಸು ಹತ್ತುತ್ತಿದ್ದವು.

ಚಂದಕವಾಡಿಯ ರಾಜಮ್ಮ ರೇಷ್ಮೆ ಹುಳು ಸಾಕುತ್ತಿದ್ದರು. ಹುಳುವಿನ ತಟ್ಟೆಗಳನ್ನು ಜೋಡಿಸಿಡುವ ಅವರ ಸ್ಟ್ಯಾಂಡನ್ನು ಗೆದ್ದಲು ತಿಂದಿತ್ತು. "ಉಳ ಮುಟ್ಟದಿರೋ ಮರದಲ್ಲಿ ಮಾಡ್ಕೊಡು ಕಣ್ಲಾ. ಈ ಬೆಳೆ ಕೈಕೊಟ್ರೆ ನನ್ ವರ್ಷ ಓದಂಗೆ" ಎಂದರು.

ಅಂಗಡಿಯ ಯಜಮಾನ ಬಾಷಾ ಉಸ್ತಾದ್ ಯೋಚಿಸಲೇ ಇಲ್ಲ. "ಅರೆ, ಸೈಪ್ರೆಸ್ ಹಾಕ್ಬುಡು."

ಸ್ಟ್ಯಾಂಡು, ತಟ್ಟೆ ಎಲ್ಲವನ್ನೂ ಅದರಲ್ಲೇ ಮಾಡಿ ತಲುಪಿಸಿದೆವು. ವಾರದೊಳಗೆ ರಾಜಮ್ಮ ಬಸ್ಸಿಳಿದು ನೇರ ನನ್ನ ಮುಂದೆ ನಿಂತರು.

"ಸೊಪ್ಪೇ ಮುಟ್ತಿಲ್ಲ ಕಣ್ಲಾ. ಎಲ್ಲಾ ತಟ್ಟೆ ಅಂಚಿಗೆ ಬಂದು ತಲೆ ಎತ್ಕೊಂಡು ಕೂತವೆ."

"ಮರ ಗ್ಯಾರಂಟಿ ಕಣಕ್ಕಾ, ಯಾವ್ ಉಳಾನೂ ನಿಲ್ಲಲ್ಲ!"

"ಮತ್ತೆ ನಾನ್ ಸಾಕಿರೋದು ಏನ್ಲಾ, ಎಮ್ಮೆನಾ?"

ಉಸ್ತಾದ್ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಕೆಳಗಿಟ್ಟರು. "ನಡಿ, ಹೋಗನ."

ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಅವು ನಾಲ್ಕನೇ ಜ್ವರದಿಂದ ಎದ್ದಿದ್ದವು. ಆ ವಯಸ್ಸಿನಲ್ಲಿ ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯಂತೆ ಕೇಳಬೇಕು. ರಾಜಮ್ಮನ ಮನೆಯಲ್ಲಿ ಮಾತ್ರ ಸದ್ದೇ ಇರಲಿಲ್ಲ. ನೆರೆಮನೆಗಳಿಂದ ಬಿದಿರಿನ ತಟ್ಟೆ ತಂದು, ಹುಳುಗಳನ್ನು ಒಂದೊಂದಾಗಿ ಎತ್ತಿ ಅದಕ್ಕೆ ಹಾಕಿದೆವು. ಸ್ಟ್ಯಾಂಡು ಅಂಗಳಕ್ಕೆ ಹೋಯಿತು. ಕಿಟಕಿ, ಬಾಗಿಲು ತೆರೆದಿಟ್ಟು ಹೊಸ ಸೊಪ್ಪು ಹರಡಿ ಕುಳಿತೆವು.

ಸಂಜೆ ಹೊತ್ತಿಗೆ ಮೂಲೆಯ ತಟ್ಟೆಯಲ್ಲಿ ಏನೋ ಸರಸರ ಎಂದಿತು. ನಾನು ಬಾಯಿ ತೆರೆದೆ.

"ಸುಮ್ನಿರ್ಲಾ" ಎಂದು ರಾಜಮ್ಮ ಪಿಸುಗುಟ್ಟಿದರು. "ಉಣ್ತಾ ಅವೆ."

ನನ್ನ ವೃತ್ತಿಜೀವನದಲ್ಲಿ ನಾನು ಬಾಯಿ ಮುಚ್ಚಿ ಕುಳಿತದ್ದು ಆ ಒಂದು ಸಂಜೆ ಮಾತ್ರ.

ಕೆಲವು ಹುಳು ಸತ್ತವು. ಹೆಚ್ಚಿನವು ಗೂಡು ಕಟ್ಟಿದವು. ಸ್ಟ್ಯಾಂಡು ಬಿಚ್ಚಿ ಅದೇ ಹಲಗೆಗಳಿಂದ ರಾಜಮ್ಮನಿಗೆ ಒಂದು ಪೆಟ್ಟಿಗೆ ಮಾಡಿಕೊಟ್ಟೆವು. ಅದರೊಳಗೆ ಅವರ ರೇಷ್ಮೆ ಸೀರೆಗಳಿವೆ. ಇವತ್ತಿಗೂ ಒಂದು ನುಸಿ ಬಿದ್ದಿಲ್ಲ. ಹುಳುವನ್ನು ಓಡಿಸಿದ ಘಾಟೇ ಹುಳು ನೂತ ನೂಲನ್ನು ಕಾಯುತ್ತಿದೆ.

ಯಾವ ಮರ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನೀಗ ಉತ್ತರ ಕೊಡುವುದಿಲ್ಲ. ಅದರಲ್ಲಿ ಏನಿಡುತ್ತೀರಿ ಎಂದು ಕೇಳುತ್ತೇನೆ. ಎಮ್ಮೆ ಎಂದರೂ ಒಮ್ಮೆ ಹೋಗಿ ನೋಡಿಬರುತ್ತೇನೆ.